ದುಡಿದದ್ದೆಷ್ಟು, ಉಳಿದದ್ದೆಷ್ಟು?

ಕೈಗೆ ನಾಲ್ಕು ಕಾಸು ಹೆಚ್ಚಾಗಿ ಬಂದರೆ ಸಂಸಾರಕ್ಕೆ ಅಷ್ಟು ಸೌಖ್ಯ ಹೆಚ್ಚಿತೆಂಬುದು ಲೋಕರೂಢಿಯ ಮಾತು. ಆದರೆ ಬ್ರಿಟನ್ನಿನಲ್ಲಿ ಸರ್ಕಾರದ ಸಹಾಯಧನವನ್ನು ನೆಚ್ಚಿ ಬಾಳುವ ಕುಟುಂಬಗಳ ಪಾಲಿಗೆ ಈ ಮಾತು ಅಷ್ಟು ಸುಲಭವಾಗಿ ಸಲ್ಲದು. ಅಲ್ಲಿ ಸಂಬಳವೊಂದು ಬಾಗಿಲಿನಿಂದ ಒಳಗೆ ಬರುತ್ತಿದ್ದಂತೆ, ಸಹಾಯಧನದ ಒಂದು ಪಾಲು ಇನ್ನೊಂದು ಬಾಗಿಲಿನಿಂದ ಹೊರಟುಹೋಗುತ್ತದೆ. ಪಡಿತರ ಚೀಟಿಗೆ ವರಮಾನದ ಮಿತಿಯೊಂದುಂಟೆಂಬುದನ್ನು ಬಲ್ಲ ನಮ್ಮ ವಾಚಕರಿಗೆ ಈ ಸಂಕಟ ತೀರ ಅಪರಿಚಿತವೇನೂ ಅಲ್ಲ.

ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುತ್ತ, ಬಾಡಿಗೆಯ ಮನೆಯಲ್ಲಿರುವ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಅಂಗಡಿಯೊಂದರಲ್ಲಿ ವಾರಕ್ಕೆ 16 ಗಂಟೆಯ ಅರೆಕಾಲಿಕ ಕೆಲಸವಿದೆ, ಬರುವಿಯಾ ಎಂದು ಕರೆ ಬಂದಿದೆ. ಮಕ್ಕಳು ಮಲಗಿದ ಮೇಲೆ ಆಕೆ ಅಡಿಗೆಮನೆಯ ಮೇಜಿನ ಮುಂದೆ ಕಾಗದ, ಪೆನ್ಸಿಲುಗಳೊಡನೆ ಕುಳಿತಿದ್ದಾಳೆ. ಸೇರಬೇಕೇ, ಬೇಡವೇ? ಲೆಕ್ಕ ತಪ್ಪಿದರೆ ಮಕ್ಕಳ ಊಟಕ್ಕೂ ಮನೆಯ ಬಾಡಿಗೆಗೂ ಸಂಚಕಾರ.

ಹಳೆಯ ಗಂಟು

ಈ ಗಂಟು ಇಂದು ನೆನ್ನೆಯದಲ್ಲ. 1795ರಲ್ಲಿ ಬರ್ಕ್‌ಷೈರ್ ಪ್ರಾಂತದ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ಸಭೆ ಸೇರಿ, ರೊಟ್ಟಿಯ ಬೆಲೆಯನ್ನೂ ಕುಟುಂಬದ ತಲೆಗಳನ್ನೂ ಎಣಿಸಿ, ಬಡ ಕೂಲಿಗಾರನ ಆದಾಯಕ್ಕೆ ಕೊರತೆಯಾದಷ್ಟನ್ನು ತುಂಬಿಕೊಡುವ ಏರ್ಪಾಡು ಮಾಡಿದರು. ಉದ್ದೇಶ ಉದಾತ್ತವೇ. ಆದರೆ ಕೂಲಿ ಹೆಚ್ಚಿದಷ್ಟೂ ನೆರವು ತಗ್ಗುವುದಾದರೆ ಹೆಚ್ಚು ದುಡಿಯುವ ಉತ್ಸಾಹ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಅಂದೇ ಹುಟ್ಟಿತು.

1971ರಲ್ಲಿ ಕಡಿಮೆ ಸಂಬಳದ ಕುಟುಂಬಗಳಿಗಾಗಿ ಹೊಸದೊಂದು ಪೂರಕ ಭತ್ಯೆ ಜಾರಿಗೆ ಬಂತು. ಸಂಬಳದಲ್ಲಿ ಒಂದು ಪೌಂಡು ಏರಿದರೆ ಭತ್ಯೆಯಲ್ಲಿ ಅರ್ಧ ಪೌಂಡು ಇಳಿಯುತ್ತಿತ್ತು. ಇದರ ಮೇಲೆ ವರಮಾನ ತೆರಿಗೆ, ಬಾಡಿಗೆ ರಿಯಾಯಿತಿಯ ಕಡಿತಗಳೂ ಸೇರಿದರೆ ಕೈಯಲ್ಲುಳಿಯುವುದು ಬಿಡಿಗಾಸು. ಅದೇ ವರ್ಷ ಫ್ರಾಂಕ್ ಫೀಲ್ಡ್ ಮತ್ತು ಡೇವಿಡ್ ಪಿಯಾಷೋ ಎಂಬಿಬ್ಬರು ಇದನ್ನು 'ಬಡತನದ ಬೋನು' ಎಂದು ಕರೆದರು. ಆ ಹೆಸರು ಸ್ಥಿರವಾಗಿ ನಿಂತಿತು.

ಈ ಬೋನಿನ ಬಾಗಿಲು ತೆರೆಯಲೆಂದೇ 2013ರಲ್ಲಿ 'ಯೂನಿವರ್ಸಲ್ ಕ್ರೆಡಿಟ್' ಎಂಬ ಏಕೀಕೃತ ಸಹಾಯಧನದ ಪದ್ಧತಿ ಪ್ರಾರಂಭವಾಯಿತು. ಸಂಬಳವೇರಿದಂತೆ ನೆರವು ಒಮ್ಮೆಗೇ ನಿಲ್ಲದೆ, ಇಳಿಜಾರಿನಂತೆ ಮೆಲ್ಲಮೆಲ್ಲನೆ ತಗ್ಗಬೇಕೆಂಬುದು ಇದರ ತತ್ವ. ಪೌಂಡೊಂದಕ್ಕೆ 63 ಪೆನ್ಸಿನಂತೆ ನಡೆಯುತ್ತಿದ್ದ ಕಡಿತವನ್ನು 2021ರ ನವೆಂಬರಿನಲ್ಲಿ 55 ಪೆನ್ಸಿಗೆ ಇಳಿಸಲಾಯಿತು.

ಕಾಗದದ ಮೇಲಿನ ಲೆಕ್ಕ

ಇನ್ನು ಆ ತಾಯಿಯ ಲೆಕ್ಕವನ್ನು ನೋಡೋಣ. 2025-26ರ ಆರ್ಥಿಕ ವರ್ಷದಲ್ಲಿ 21 ವರ್ಷ ತುಂಬಿದವರಿಗೆ ಕಾನೂನು ವಿಧಿಸಿದ ಕನಿಷ್ಠ ವೇತನ ಗಂಟೆಗೆ 12 ಪೌಂಡು 21 ಪೆನ್ಸ್. ವಾರಕ್ಕೆ 16 ಗಂಟೆಯಾದರೆ ತಿಂಗಳಿಗೆ ಸುಮಾರು 847 ಪೌಂಡು. ಮಕ್ಕಳಿದ್ದು, ಬಾಡಿಗೆಗೂ ನೆರವು ಪಡೆಯುವ ಕುಟುಂಬ ಗಳಿಸಿದ ಮೊದಲ 411 ಪೌಂಡನ್ನು ಆ ವರ್ಷ ಸರ್ಕಾರ ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದ 436 ಪೌಂಡಿಗೆ ಪೌಂಡೊಂದಕ್ಕೆ 55 ಪೆನ್ಸಿನಂತೆ ಸುಮಾರು 240 ಪೌಂಡು ಸಹಾಯಧನದಲ್ಲಿ ಕಡಿತ. ನಿವೃತ್ತಿ ನಿಧಿಯ ಕಂತನ್ನು ಬದಿಗಿಟ್ಟರೆ, ಮನೆಗೆ ನಿಜವಾಗಿ ಹೆಚ್ಚುವುದು 607 ಪೌಂಡು. ಗಂಟೆಗೆ 8 ಪೌಂಡು 75 ಪೆನ್ಸ್.

ಆದರೆ ಎಲ್ಲ ಗಂಟೆಗಳ ಬೆಲೆಯೂ ಒಂದೇ ಅಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ. ವಾರದ ಮೊದಲ ಸುಮಾರು 8 ಗಂಟೆಗಳ ಸಂಬಳ ಪೂರ್ಣವಾಗಿ ಆಕೆಯದೇ. ಅನಂತರದ ಪ್ರತಿ ಗಂಟೆಗೂ ಉಳಿಯುವುದು 5 ಪೌಂಡು 49 ಪೆನ್ಸ್ ಮಾತ್ರ. ವಾರಕ್ಕೆ 20 ಗಂಟೆಯ ಆಸುಪಾಸಿನಲ್ಲಿ ವರಮಾನ ತೆರಿಗೆಯೂ ರಾಷ್ಟ್ರೀಯ ವಿಮೆಯ ಕಂತೂ ಮೊದಲಾಗುವುದರಿಂದ, ಅಲ್ಲಿಂದ ಮುಂದಿನ ಗಂಟೆಗೆ ದಕ್ಕುವುದು 4 ಪೌಂಡಿಗೂ ಒಂದಿಷ್ಟು ಕಡಿಮೆ. 'ಇನ್ನೂ ನಾಲ್ಕು ಗಂಟೆ ನಿಲ್ಲುವಿಯಾ?' ಎಂದು ಅಂಗಡಿಯವರು ಕೇಳಿದಾಗ ಆಕೆ ಅನುಮಾನಿಸಿದರೆ ಅದು ಸೋಮಾರಿತನವಲ್ಲ, ಅಂಕಗಣಿತ.

ಖರ್ಚಿನ ಪಟ್ಟಿಯನ್ನೂ ಮರೆಯುವಂತಿಲ್ಲ. ಶಿಶುವಿಹಾರದ ಶುಲ್ಕದಲ್ಲಿ ನೂರಕ್ಕೆ 85 ಪಾಲನ್ನು, ಒಂದು ಗರಿಷ್ಠ ಮಿತಿಯವರೆಗೆ, ಸರ್ಕಾರ ಹಿಂದಿರುಗಿಸುತ್ತದೆ. ಶುಲ್ಕ 400 ಪೌಂಡಾದರೆ ತಾಯಿಯ ಪಾಲು 60. ಬಸ್ಸಿಗೆ ಹೋಗಿ ಬರಲು ದಿನಕ್ಕೆ 6 ಪೌಂಡು ಬೀಳುವುದೆಂದುಕೊಂಡರೆ, 16 ಗಂಟೆಯನ್ನು ವಾರದ ನಾಲ್ಕು ದಿನಕ್ಕೆ ಹಂಚಿದಾಗ ತಿಂಗಳಿಗೆ 104 ಪೌಂಡು. ಎರಡೇ ದಿನಕ್ಕೆ ಒಟ್ಟುಗೂಡಿಸಿದರೆ 52. ಕೆಲಸ ಅದೇ, ಸಂಬಳ ಅದೇ; ಉಳಿತಾಯ ಮಾತ್ರ ಬೇರೆ.

ಇಳಿಜಾರಿನಲ್ಲಿ ಕಮರಿಗಳು

ಇಳಿಜಾರಿನ ನಡುವೆ ಅಲ್ಲಲ್ಲಿ ಕಡಿದಾದ ಕಮರಿಗಳೂ ಉಳಿದುಕೊಂಡಿವೆ. 2018ರಲ್ಲಿ ಬಂದ ನಿಯಮದಂತೆ, ಇಂಗ್ಲೆಂಡಿನಲ್ಲಿ ಹೊಸದಾಗಿ ಸೌಲಭ್ಯ ಕೋರುವ ಕುಟುಂಬದ ಗಳಿಕೆ ವರ್ಷಕ್ಕೆ 7,400 ಪೌಂಡನ್ನು ದಾಟಿದರೆ, ಮೇಲಿನ ತರಗತಿಗಳ ಮಕ್ಕಳಿಗೆ ಶಾಲೆಯ ಉಚಿತ ಊಟ ಸಲ್ಲದಾಯಿತು. 2026ರ ಸೆಪ್ಟೆಂಬರಿನಿಂದ ಈ ಮಿತಿಯನ್ನು ತೆಗೆದುಹಾಕುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿತು. ಇದಕ್ಕಿಂತ ಕ್ರೂರವಾದುದು, ಮನೆಯ ರೋಗಿಯನ್ನೋ ಅಂಗವಿಕಲರನ್ನೋ ಆರೈಕೆ ಮಾಡುವವರ ಭತ್ಯೆಯ ನಿಯಮ. 2025-26ರಲ್ಲಿ ಅವರ ವಾರದ ನಿವ್ವಳ ಗಳಿಕೆ 196 ಪೌಂಡಿನ ಮೇಲೆ ಒಂದೇ ಪೆನ್ನಿ ಹೆಚ್ಚಿದರೂ, 83 ಪೌಂಡು 30 ಪೆನ್ಸಿನ ಭತ್ಯೆ ಸಮೂಲವಾಗಿ ಹೋಗುತ್ತಿತ್ತು.

ಹತ್ತಲು ನೆರವಾಗುವ ಮೆಟ್ಟಿಲೂ ಒಂದುಂಟು. ಕನಿಷ್ಠ ವೇತನದ ದರದಲ್ಲಿ ವಾರಕ್ಕೆ 16 ಗಂಟೆಗೆ ಸಮನಾದಷ್ಟು ಗಳಿಸುವ ಮಾತಾಪಿತೃಗಳಿಗೆ, 2025ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ 9 ತಿಂಗಳ ಕೂಸಿನಿಂದ ಶಾಲೆಗೆ ಸೇರುವ ವಯಸ್ಸಿನವರೆಗೆ, ವರ್ಷದ 38 ವಾರಗಳ ಕಾಲ ವಾರಕ್ಕೆ 30 ಗಂಟೆಯ ಶಿಶುಪಾಲನೆ ಉಚಿತವಾಯಿತು. ಆದ್ದರಿಂದ ಚಿಕ್ಕ ಮಕ್ಕಳಿರುವ ತಾಯಿಗೆ 15ನೆಯ ಗಂಟೆಗೂ 16ನೆಯ ಗಂಟೆಗೂ ಅಜಗಜಾಂತರ.

ಮೇಜಿನ ಮುಂದೆ ಕುಳಿತ ಆ ತಾಯಿಯ ಕಾಗದದಲ್ಲಿ ಕೊನೆಗೆ ಉಳಿದ ಅಂಕಿ ಎಷ್ಟು? 607ರಲ್ಲಿ ಶಿಶುವಿಹಾರಕ್ಕೆ 60, ಎರಡು ದಿನದ ಬಸ್ಸಿಗೆ 52 ಕಳೆದರೆ 495 ಪೌಂಡು. ಮಕ್ಕಳ ಶಾಲೆಯ ಊಟಕ್ಕೆ ಹಣ ತೆರಬೇಕಾಗಿ ಬಂದರೆ ಅದನ್ನೂ ಇದರಲ್ಲೇ ಕಳೆಯಬೇಕು. ಕಳೆದರೂ ಕೆಲಸ ನಷ್ಟದ ಬಾಬಲ್ಲ, ಆಕೆ ಹೋಗಬಹುದು. ಹೋಗುವ ಮುನ್ನ ಅಂಗಡಿಯವರಲ್ಲಿ ಸಂಬಳ ಹೆಚ್ಚಿಸಿರೆಂದು ಕೇಳುವುದಕ್ಕಿಂತ, 16 ಗಂಟೆಯನ್ನೂ ಎರಡೇ ದಿನದಲ್ಲಿ ಮುಗಿಸಲು ಬಿಡಿರೆಂದು ಕೇಳುವುದು ಆಕೆಗೆ ಹೆಚ್ಚು ಲಾಭಕರ. ಏಕೆಂದರೆ ಸಂಬಳದಲ್ಲಿ ಏರಿದ ಪೌಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರಕ್ಕೆ ಹಿಂದಿರುಗುತ್ತದೆ. ಬಸ್ಸಿನಲ್ಲಿ ಉಳಿದ ಪೌಂಡು ಇಡಿಯಾಗಿ ಮನೆಗೆ ಬರುತ್ತದೆ.