ಮೈಕ್‌ನಲ್ಲಿ ‘ಗುಂಯ್’ ಸದ್ದು: ಪಿನ್ ಕೀಳಬೇಡಿ, ಕಾರಣ ಹುಡುಕಿ

ಈ ಸಂಚಿಕೆಯನ್ನು ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಇವತ್ತು ನಾನು ಹೇಳ್ತಿರೋದು ರೆಕಾರ್ಡಿಂಗ್‌ನಲ್ಲಿ ಮಾತಿನ ಹಿಂದೆ ‘ಗುಂಯ್’ ಅಂತ ಕೇಳಿಸೋ ಸದ್ದಿನ ಬಗ್ಗೆ. ಸ್ಟುಡಿಯೋದಲ್ಲಿ ಇದಕ್ಕೆ ಹಮ್ ಅಂತಾರೆ. ಫೋನಿನ ಪುಟ್ಟ ಸ್ಪೀಕರ್‌ಗೆ ಇಷ್ಟು ತಗ್ಗಿದ ಸದ್ದು ಸರಿಯಾಗಿ ಬರೋದಿಲ್ಲ, ಇಯರ್‌ಫೋನ್‌ನಲ್ಲಿ ಸಿಕ್ಕಿಬೀಳುತ್ತೆ.

ಇದರ ಮೂಲ ಗೋಡೆಯ ಕರೆಂಟು. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅಂದರೆ 50 ಹರ್ಟ್ಜ್. ಆಡಿಯೊ ಕೇಬಲ್‌ಗೆ ನುಸುಳಿದರೆ 50 ಮತ್ತು 100 ಹರ್ಟ್ಜ್‌ನಲ್ಲಿ ಗುಂಯ್‌ಗುಡುತ್ತೆ.

ನುಸುಳೋದು ಹೇಗೆ? ಮಿಕ್ಸರ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಲ್ಯಾಪ್‌ಟಾಪ್ ಇನ್ನೊಂದು ಗೋಡೆಯಲ್ಲಿ ಇದೆ ಅಂದ್ಕೊಳ್ಳಿ. ಎರಡರ ಅರ್ತಿಂಗ್, ನಡುವಿನ ಆಡಿಯೊ ಕೇಬಲ್, ಎಲ್ಲ ಸೇರಿ ಒಂದು ಸುತ್ತು ಆಗುತ್ತೆ. ಆ ಸುತ್ತಿನಲ್ಲಿ ಹರಿಯೋ ಸಣ್ಣ ಕರೆಂಟೇ ಹಮ್. ಇದರ ಹೆಸರು ಗ್ರೌಂಡ್ ಲೂಪ್.

ಇಲ್ಲಿ ಕೆಲವರು ಪ್ಲಗ್‌ನ ದಪ್ಪ ಪಿನ್ನನ್ನೇ ಕಿತ್ತು ಹಾಕ್ತಾರೆ. ಸದ್ದು ನಿಲ್ಲಲೂಬಹುದು. ಆದರೆ ಆ ಪಿನ್ ಇರೋದು ನಿಮ್ಮ ಜೀವಕ್ಕೆ. ಒಳಗಿನ ವೈರ್ ಲೋಹದ ಕವಚಕ್ಕೆ ತಗುಲಿದರೆ, ಕರೆಂಟು ಅರ್ತ್ ಕಡೆ ಹರಿದು ಫ್ಯೂಸ್ ಹೋಗಬೇಕು. ಅರ್ತ್ ಇಲ್ಲದಿದ್ದರೆ ಅದು ಮೈಕ್ ಹಿಡಿದ ಕೈಯಿಂದಲೇ ಹರಿಯಬಹುದು. ದಯವಿಟ್ಟು ಮಾಡ್ಬೇಡಿ.

ಬದಲಿಗೆ ನಾನು ಮಾಡೋದು ಇಷ್ಟು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡ್ತೀನಿ. ಹಮ್ ಹೋಯ್ತಾ? ದಾರಿ ಅದೇ. ಆಗ ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕ್ತೀನಿ. ಆಡಿಯೊ ಕೇಬಲ್ಲನ್ನು ಪವರ್ ಕೇಬಲ್ ಪಕ್ಕ ಉದ್ದಕ್ಕೆ ಓಡಿಸಲ್ಲ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸ್ತೀನಿ.

ರೇಡಿಯೊ ಸ್ಟುಡಿಯೋಗಳಲ್ಲಿ ಬ್ಯಾಲೆನ್ಸ್ಡ್ ಕೇಬಲ್ ಬಳಸ್ತಾರೆ. ಅದರ ಒಳಗೆ ಎರಡು ತಂತಿ. ಎರಡರಲ್ಲೂ ಅದೇ ದನಿ, ಆದರೆ ಒಂದರಲ್ಲಿ ಉಲ್ಟಾ. ಹೊರಗಿನ ಗದ್ದಲ ಮಾತ್ರ ಎರಡಕ್ಕೂ ಒಂದೇ ಥರ ಸೇರುತ್ತೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ವಜಾ ಆಗಿ ದನಿ ಉಳಿಯುತ್ತದೆ.

ಫ್ಯಾನ್, ಫ್ರಿಜ್ ಸದ್ದಿನ ಕಥೆಯೇ ಬೇರೆ; ಅದು ಗಾಳಿಯಲ್ಲೇ ಮೈಕ್‌ಗೆ ಬರುತ್ತೆ. ರೆಕಾರ್ಡ್ ಮಾಡುವಷ್ಟು ಹೊತ್ತು ಫ್ಯಾನ್ ಆಫ್ ಮಾಡಿ. ಮೈಕ್ 30 ಸೆಂಟಿಮೀಟರ್ ದೂರದಲ್ಲಿದ್ದರೆ 15ಕ್ಕೆ ತನ್ನಿ. ನಿಮ್ಮ ದನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತೆ, ಕೋಣೆಯ ಸದ್ದು ಅಷ್ಟೇ ಇರುತ್ತೆ.

ಗದ್ದಲ ತೆಗೆಯೋ ಆ್ಯಪ್ ಇದೆಯಲ್ಲ ಅಂತೀರಾ? ಇದೆ. ಆದರೆ ಜಾಸ್ತಿ ಬಳಸಿದರೆ ದನಿ ನೀರಿನೊಳಗಿಂದ ಬಂದಂತಾಗುತ್ತೆ. ಹಾಗಾಗಿ ಮೊದಲು ಪ್ಲಗ್, ಆಮೇಲೆ ಕೇಬಲ್, ಆಮೇಲೆ ಕೋಣೆ ನೋಡಿ. ಆ್ಯಪ್ ಕೊನೆಗೆ.