ಎರಡು ರಾತ್ರಿಯ ಹಡಗು, ಹತ್ತಾರು ನಂಬಿಕೆ

ದಸರಾ ರಜೆಯೋ ಬೇಸಿಗೆ ರಜೆಯೋ ಹತ್ತಿರ ಬಂತೆಂದರೆ ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಈಗ ಊಟಿ, ಮುನ್ನಾರ್‌ಗಳ ಜೊತೆ ಹಡಗಿನ ಚಿತ್ರವೂ ಬಂದು ಬೀಳುತ್ತದೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಮುಂಬೈಯಿಂದ ಓಡಾಟ ಶುರುಮಾಡಿದ ಮೇಲೆ ಕ್ರೂಸ್ ಎಂಬುದು ಸಿಂಗಪುರಕ್ಕೆ ಹೋಗಿ ಬರುವವರ ಮಾತಾಗಿಯಷ್ಟೇ ಉಳಿದಿಲ್ಲ. ಗೋವಾ, ಲಕ್ಷದ್ವೀಪ, ಕೊಚ್ಚಿ ಎಂದು ಪಟ್ಟಿ ಬರುತ್ತದೆ. ಬೆನ್ನಿಗೇ ಸಲಹೆಗಳು. ಹೋಗಿ ಬಂದವರದ್ದು ಒಂದಾದರೆ ಹೋಗದವರದ್ದು ನಾಲ್ಕು.

ಮಕ್ಕಳನ್ನು ಕಟ್ಟಿಕೊಂಡು ಹೊರಡುವವರ ಗೊಂದಲಕ್ಕೆಲ್ಲ ಬುಡ ಒಂದೇ ಎಂದು ನನಗನ್ನಿಸುತ್ತದೆ: ಹಡಗನ್ನು ನಾವು ನೀರಿನ ಮೇಲಿನ ರೆಸಾರ್ಟ್ ಎಂದುಕೊಂಡೇ ಹೊರಡುತ್ತೇವೆ. ರೆಸಾರ್ಟಿಗಾದರೆ ತಡವಾಗಿ ಹೋಗಬಹುದು, ಹಿಡಿಸದಿದ್ದರೆ ರೂಮು ಬದಲಿಸಬಹುದು, ಮಗುವಿಗೆ ಜ್ವರ ಬಂದರೆ ಆಟೊ ಹಿಡಿಯಬಹುದು. ಹಡಗಿನಲ್ಲಿ ಈ ತೀರ್ಮಾನಗಳನ್ನೆಲ್ಲ ದಡದಲ್ಲಿರುವಾಗಲೇ ಮಾಡಿರಬೇಕು.

‘ಮೂರು ಹಗಲು, ಎರಡು ರಾತ್ರಿ ಅಂದರೆ ಮೂರು ದಿನ’

ಜಾಹೀರಾತಿನ ಲೆಕ್ಕ ಇದು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಬಂದರು ತಲುಪಿ, ಸಾಮಾನು ತಪಾಸಣೆ ಮುಗಿಸಿ, ಕೋಣೆ ಹುಡುಕಿ, ಊಟ ಮಾಡಿ, ಸುರಕ್ಷತಾ ಅಭ್ಯಾಸಕ್ಕೆ ನಿಂತು ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಮೂರನೆಯ ದಿನ ಬೆಳಿಗ್ಗೆ ತಿಂಡಿ ತಿಂದ ಕೂಡಲೇ ಕೋಣೆ ಖಾಲಿ ಮಾಡಬೇಕು. ನಡುವೆ ಉಳಿಯುವುದು ಒಂದು ಇಡೀ ದಿನ, ಅದರ ಆಚೀಚೆ ಒಂದಿಷ್ಟು ಗಂಟೆ. ದೊಡ್ಡವರಿಗೆ ಅಷ್ಟು ಸಾಕಾಗಬಹುದು. ಮಕ್ಕಳಿಗೆ ಲಿಫ್ಟ್ ಎಲ್ಲಿ, ಈಜುಕೊಳ ಎಲ್ಲಿ, ಐಸ್‌ಕ್ರೀಮ್ ಎಲ್ಲಿ ಎಂಬುದು ತಿಳಿಯುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ. ಜೇಬು ಒಪ್ಪುವುದಾದರೆ ಎರಡಕ್ಕಿಂತ ಮೂರು ರಾತ್ರಿ ವಾಸಿ.

ಹಾಗೆಂದು ‘ಚಿಕ್ಕ ಕ್ರೂಸ್ ಅಂದರೆ ದೊಡ್ಡದರ ತುಣುಕು’ ಎಂದು ಮೂಗು ಮುರಿಯುವವರ ಮಾತೂ ಸರಿಯಲ್ಲ. ಈ ಎಂಪ್ರೆಸ್ ಹಡಗನ್ನೇ ನೋಡಿ. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಕಟ್ಟಿದ ಇದು ಹುಟ್ಟಿದ್ದೇ ಮಿಯಾಮಿಯಿಂದ ಬಹಾಮಾಸ್‌ಗೆ ಮೂರು–ನಾಲ್ಕು ರಾತ್ರಿಯ ಪ್ರವಾಸ ಹೋಗಿ ಬರಲಿಕ್ಕೆ. ಉದ್ದ 210 ಮೀಟರ್ ಆಸುಪಾಸು. ಸಿಂಗಪುರದಿಂದ ಹೊರಡುವ ‘ಗೆಂಟಿಂಗ್ ಡ್ರೀಮ್’ 335 ಮೀಟರ್ ಉದ್ದದ ದೈತ್ಯ. ನಾಲ್ಕು ವರ್ಷದ ಮಗು ಜೊತೆಗಿದ್ದರೆ ಚಿಕ್ಕ ಹಡಗೇ ಅನುಕೂಲ. ಈಜುಕೊಳದಿಂದ ಕೋಣೆಯ ಬಚ್ಚಲಿಗೆ ಓಡುವಾಗ ಆ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಮಾತು. ಹಡಗು ಗೋವಾದಲ್ಲಿ ನಿಂತಾಗ ಎಲ್ಲರೂ ಇಳಿದು ಊರು ಸುತ್ತಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ಗೋವಾ ನಮ್ಮವರಿಗೆ ಕಾರವಾರ ದಾಟಿದರೆ ಸಿಗುವ ಊರು. ಜನ ಇಳಿದುಹೋದ ಆ ಕೆಲವು ಗಂಟೆಗಳಲ್ಲಿ ಈಜುಕೊಳ, ಆಟದ ಜಾಗ ಎಲ್ಲವೂ ಹೆಚ್ಚುಕಡಿಮೆ ಖಾಲಿ. ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಅದೇ ಒಳ್ಳೆಯ ಹೊತ್ತು.

‘ಬೆಳಗಿನ ವಿಮಾನ ಹಿಡಿದು ಮಧ್ಯಾಹ್ನ ಹಡಗು ಹತ್ತಿದರಾಯಿತು’

ಎಲ್ಲವೂ ಸರಿಯಾಗಿ ನಡೆದರೆ ಆಗುತ್ತದೆ. ಆದರೆ ಹಡಗಿನ ಗೇಟು ಹೊರಡುವ ಸಮಯಕ್ಕೆ ಬಹಳ ಮೊದಲೇ ಮುಚ್ಚುತ್ತದೆ, ತಡವಾದ ನಾಲ್ವರಿಗಾಗಿ ಎರಡು ಸಾವಿರ ಜನರನ್ನು ಯಾವ ಕ್ಯಾಪ್ಟನ್ನೂ ಕಾಯಿಸುವುದಿಲ್ಲ. ವಿಮಾನ ತಡವಾಗಿದ್ದಕ್ಕೆ ಹಡಗಿನ ಕಂಪನಿ ಹೊಣೆಯಲ್ಲ. ಹಿಂದಿನ ದಿನವೇ ಮುಂಬೈ ಸೇರಿಕೊಳ್ಳುವುದು ಕ್ಷೇಮ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿ ಒಂದು ಹಗಲಿನಲ್ಲಿ ಸಿಎಸ್‌ಎಂಟಿಗೇ ತಂದು ಇಳಿಸುತ್ತದೆ. ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ. ಮಕ್ಕಳಿಗೆ ರೈಲೂ ಆಯಿತು, ಹಡಗೂ ಆಯಿತು.

ಕರಾವಳಿಯವರು ಕೇಳುವ ಪ್ರಶ್ನೆ ಬೇರೆ: ‘ಪಣಂಬೂರಿಗೇ ದೊಡ್ಡ ದೊಡ್ಡ ಹಡಗು ಬರುತ್ತವಲ್ಲ, ನಾವು ಇಲ್ಲೇ ಹತ್ತಬಾರದೇ?’ ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳ ಪ್ರಯಾಣಿಕರು ಬೇರೆಲ್ಲೋ ಹತ್ತಿ ಬಂದವರು. ಬೆಳಿಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಕರ್ಣನಾಥ ದೇವಸ್ಥಾನ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹೊರಟುಹೋಗುತ್ತಾರೆ. ಬಂದರಿನಲ್ಲಿ ಹಡಗು ನಿಂತಿದೆ ಎಂದ ಮಾತ್ರಕ್ಕೆ ಅಲ್ಲಿ ಟಿಕೆಟ್ ಸಿಗುತ್ತದೆ ಎಂದಲ್ಲ.

‘ಮಕ್ಕಳು ವಾಂತಿ ಮಾಡಿಯೇ ಮಾಡುತ್ತಾರೆ’

ಅಜ್ಜಿಯಂದಿರ ಮೊದಲ ಆಕ್ಷೇಪ ಇದು. ಘಾಟಿಯಲ್ಲಿ ಬಸ್ಸು ತಿರುಗಿದ್ದಕ್ಕೇ ವಾಂತಿ ಮಾಡಿದ ಮೊಮ್ಮಗಳು ಸಮುದ್ರವನ್ನು ತಡೆದುಕೊಳ್ಳುತ್ತಾಳೆಯೇ ಎಂಬ ಅವರ ಕಳವಳದಲ್ಲಿ ಅರ್ಧ ಸತ್ಯವಿದೆ.

ಕಿವಿಯೊಳಗಿನ ಸಮತೋಲನದ ಅಂಗ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಕೋಣೆಯ ಗೋಡೆ ನೋಡುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳಕ್ಕೆ ದಂಡ ತೆರುವುದು ಹೊಟ್ಟೆ. ಎರಡು ವರ್ಷದೊಳಗಿನ ಮಕ್ಕಳಿಗೆ ಈ ತೊಂದರೆ ಅಪರೂಪ. ಹೆಚ್ಚು ಕಾಡುವುದು ಶಾಲೆಗೆ ಹೋಗುವ ವಯಸ್ಸಿನವರನ್ನು, ಸುಮಾರು ಆರರಿಂದ ಹನ್ನೆರಡರವರೆಗೆ. ಅಂದರೆ ಕೈಗೂಸಿಗಿಂತ ಅದರ ಅಕ್ಕನ ಬಗ್ಗೆಯೇ ಹೆಚ್ಚು ಗಮನ ಬೇಕು.

ಆದರೆ ಘಾಟಿಯ ಬಸ್ಸಿಗೂ ಇಂಥ ಹಡಗಿಗೂ ಹೋಲಿಕೆಯಿಲ್ಲ. ನೀರಿನ ಮಟ್ಟದ ಕೆಳಗೆ ಹಡಗಿನ ಎರಡೂ ಪಕ್ಕಕ್ಕೆ ಚಾಚಿಕೊಳ್ಳುವ ಸ್ಟೆಬಿಲೈಸರ್ ರೆಕ್ಕೆಗಳು ಅಡ್ಡ ಓಲಾಟವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಹಿಂದೆ–ಮುಂದೆ ತೂಗುವುದನ್ನು ಮಾತ್ರ ಅವು ತಡೆಯಲಾರವು. ಆ ತೂಗಾಟ ತುದಿಗಳಲ್ಲಿ ಹೆಚ್ಚು, ನಡುವಿನಲ್ಲಿ ಕಡಿಮೆ. ಹೀಗಾಗಿ ಕೋಣೆ ಆರಿಸುವಾಗ ಹಡಗಿನ ಮಧ್ಯಭಾಗದ, ಕೆಳಗಿನ ಡೆಕ್ಕಿನದನ್ನು ಕೇಳಬೇಕು. ‘ಮೇಲಿನ ಡೆಕ್ಕಿನ, ಮುಂದಿನ ತುದಿಯ ರೂಮೇ ಶ್ರೇಷ್ಠ’ ಎಂದು ಏಜೆಂಟು ಹೇಳಿದರೆ ನಕ್ಕು ಸುಮ್ಮನಾಗಿ.

ಇನ್ನು ತಿಂಗಳು. ಅರಬ್ಬೀ ಸಮುದ್ರ ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆರಳಿರುತ್ತದೆ. ಮುಂಬೈಯಿಂದ ಓಡುವ ಹಡಗು ಆ ತಿಂಗಳುಗಳಲ್ಲಿ ಚೆನ್ನೈ ಕಡೆಗೆ ಹೋಗಿ, ಅಲ್ಲಿಂದ ಶ್ರೀಲಂಕಾದ ಹಂಬನ್‌ತೋಟ, ತ್ರಿಂಕೋಮಲಿಗಳಿಗೆ ಪ್ರವಾಸ ನಡೆಸಿದ್ದು ಸುಮ್ಮನೆ ಅಲ್ಲ. ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಏಪ್ರಿಲ್ ಆರಿಸಿಕೊಳ್ಳಿ. ಮೇ ನಡುವಿನ ಹೊತ್ತಿಗೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಸಾಧ್ಯತೆ ಇರುತ್ತದೆ. 2021ರ ‘ತೌಕ್ತೆ’ ಕರಾವಳಿಯವರಿಗೆ ಇನ್ನೂ ಮರೆತಿಲ್ಲ.

ಮಾತ್ರೆಯ ವಿಷಯದಲ್ಲಿ ಒಂದು ಕೆಟ್ಟ ರೂಢಿ ಇದೆ: ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವುದು. ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾದ ಪ್ರೊಮೆಥಜಿನ್ ಔಷಧವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೇ ಕುತ್ತು ಬರಬಹುದು. ಮಕ್ಕಳ ವೈದ್ಯರನ್ನು ಕೇಳಿ, ತೂಕ ನೋಡಿ ಬರೆಸಿಕೊಂಡೇ ಹೋಗಬೇಕು. ಅದನ್ನು ಹಡಗು ಅಲುಗುವ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟದ್ದು ಹೊರಗೇ ಬರುತ್ತದೆ. ಮೊಬೈಲ್ ಕಿತ್ತಿಟ್ಟು, ಡೆಕ್ಕಿಗೆ ಕರೆತಂದು ದಿಗಂತ ನೋಡಿಸುವುದು ಬಿಟ್ಟಿ ಔಷಧ.

‘ಮುಳುಗಿದರೆ?’

ಟೈಟಾನಿಕ್ ಸಿನಿಮಾ ನೋಡಿದ ಮಕ್ಕಳೂ ಕೇಳುತ್ತಾರೆ, ಹೊರಗೆ ತೋರಿಸಿಕೊಳ್ಳದ ಅಪ್ಪಂದಿರೂ ಒಳಗೊಳಗೇ ಕೇಳಿಕೊಳ್ಳುತ್ತಾರೆ. ಟೈಟಾನಿಕ್‌ನಲ್ಲಿ ಸುಮಾರು 2,200 ಜನರಿದ್ದರು, ಜೀವರಕ್ಷಕ ದೋಣಿಗಳಲ್ಲಿ ಜಾಗವಿದ್ದದ್ದು 1,178 ಜನಕ್ಕೆ. 1912ರ ಆ ದುರಂತದ ಫಲವಾಗಿಯೇ 1914ರಲ್ಲಿ ‘ಸೋಲಾಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಇಂದಿನ ಹಡಗುಗಳ ಸುರಕ್ಷತೆಯ ನಿಯಮಗಳಿಗೆಲ್ಲ ಅದೇ ಆಧಾರ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಡಬೇಕು, ಒಂದು ದಿನಕ್ಕಿಂತ ಹೆಚ್ಚಿನ ಯಾನವಾದರೆ ಪ್ರತಿ ಕೂಸಿಗೂ ಅದರ ಅಳತೆಯದ್ದೇ ಇರಬೇಕು ಎನ್ನುವಷ್ಟು ವಿವರಕ್ಕೆ ಅದು ಇಳಿಯುತ್ತದೆ. ಕೋಣೆಯ ಕಪಾಟಿನಲ್ಲಿ ಬರೀ ದೊಡ್ಡವರದ್ದೇ ಇದ್ದರೆ ಸಂಕೋಚಪಡದೆ ಸಿಬ್ಬಂದಿಯನ್ನು ಕೇಳಿ.

ಹೊರಡುವ ಮುನ್ನ ನಡೆಯುವ ಸುರಕ್ಷತಾ ಅಭ್ಯಾಸವನ್ನು ನಮ್ಮವರು ‘ಬರೀ ಫಾರ್ಮಾಲಿಟಿ’ ಎಂದು ತಪ್ಪಿಸಿಕೊಳ್ಳಲು ನೋಡುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಾಗಿ ಮಗುಚಿದಾಗ, ಅದೇ ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. ಸತ್ತವರು 32 ಮಂದಿ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ಮುಗಿದಿರಬೇಕೆಂಬ ನಿಯಮ ಬಂದದ್ದು ಆಮೇಲೆ. ಏಳು ಸಣ್ಣ ಸಿಳ್ಳು, ಒಂದು ಉದ್ದನೆಯ ಸಿಳ್ಳು: ಇದು ಎಲ್ಲರೂ ಸೇರಬೇಕಾದ ಜಾಗಕ್ಕೆ ಬರುವ ಕರೆ. ಮಕ್ಕಳಿಗೆ ಇದನ್ನು ಆಟದಂತೆ ಕಲಿಸಿದರೆ ದೊಡ್ಡವರಿಗಿಂತ ಚೆನ್ನಾಗಿ ನೆನಪಿಡುತ್ತಾರೆ. ಎಷ್ಟೋ ಹಡಗುಗಳಲ್ಲಿ ಮಕ್ಕಳ ಮುಂಗೈಗೆ ಆ ಜಾಗದ ಸಂಖ್ಯೆ ಬರೆದ ಪಟ್ಟಿ ಕಟ್ಟುತ್ತಾರೆ. ಸ್ನಾನ ಮಾಡಿಸುವಾಗಲೂ ಅದನ್ನು ಬಿಚ್ಚಬೇಡಿ.

ನಿಜಕ್ಕೂ ಹೆದರಬೇಕಾದದ್ದು ಈಜುಕೊಳಕ್ಕೆ. ಎಲ್ಲ ಹಡಗುಗಳಲ್ಲೂ ಕೊಳದ ಬಳಿ ಜೀವರಕ್ಷಕರು ಇರುವುದಿಲ್ಲ. ಸುತ್ತ ನೂರು ಜನ ಕುಳಿತಿರುತ್ತಾರೆ, ಯಾರೋ ನೋಡುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಗಂಡ–ಹೆಂಡತಿ ಸರದಿ ಹಾಕಿಕೊಂಡು, ‘ಈಗ ನಿನ್ನ ಪಾಳಿ’ ಎಂದು ಬಾಯಿಬಿಟ್ಟು ಹೇಳಿಯೇ ಕಣ್ಣು ತೆಗೆಯಬೇಕು. ಡಯಾಪರ್ ಹಾಕಿದ ಮಗುವನ್ನಂತೂ ಬಹುತೇಕ ಹಡಗುಗಳು ಕೊಳಕ್ಕೆ ಬಿಡುವುದೇ ಇಲ್ಲ.

ಬಾಲ್ಕನಿಯದ್ದು ಎರಡನೆಯ ಅಪಾಯ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಲ್ಲಿ ಕಟಕಟೆ 42 ಅಂಗುಲವಾದರೂ ಇರಬೇಕೆಂದು 2010ರಲ್ಲಿ ಅಲ್ಲಿ ಕಾನೂನು ಬಂತು. ಅದು ಏಳು ವರ್ಷದ ಮಗುವಿನ ಕತ್ತಿನ ಮಟ್ಟ. ಪಕ್ಕದಲ್ಲೊಂದು ಕುರ್ಚಿ ಇದ್ದರೆ ಆ ಎತ್ತರಕ್ಕೆ ಅರ್ಥವಿಲ್ಲ. ಬಾಲ್ಕನಿ ಕೋಣೆ ಸಿಕ್ಕರೆ ಮೊದಲು ಕುರ್ಚಿಗಳನ್ನು ಕಟಕಟೆಯಿಂದ ದೂರ ಸರಿಸಿ. ನನ್ನನ್ನು ಕೇಳಿದರೆ ಚಿಕ್ಕ ಮಕ್ಕಳಿದ್ದಾಗ ಕಿಟಕಿಯಿಲ್ಲದ ಒಳಕೋಣೆಯೇ ಮೇಲು. ಅಗ್ಗ, ಕತ್ತಲು, ಮಧ್ಯಾಹ್ನವೂ ಮಗು ಗಡದ್ದಾಗಿ ಮಲಗುತ್ತದೆ. ಉಳಿದ ದುಡ್ಡು ಮೂರನೆಯ ರಾತ್ರಿಗಾಯಿತು.

‘ಎಲ್ಲಾ ಸೇರಿ ಇಷ್ಟೇ’

ಕೋಣೆ, ಮಾಮೂಲಿ ಊಟ–ತಿಂಡಿ, ಬಹುತೇಕ ಮನರಂಜನೆ ಸೇರಿರುತ್ತವೆ. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಗೆ ಸೇರುವ ಸೇವಾ ಶುಲ್ಕ ಬೇರೆಯಾಗಿ ಕೂಡುವುದುಂಟು. ತಂಪು ಪಾನೀಯ, ವೈಫೈ, ದಡದ ಪ್ರವಾಸ, ಫೋಟೊ ಇವೆಲ್ಲ ಬೇರೆ. ಡಾಕ್ಟರೂ ಬೇರೆ! ಹಡಗಿನಲ್ಲಿ ವೈದ್ಯರು, ನರ್ಸು ಇರುತ್ತಾರೆ, ಆದರೆ ಬಿಲ್ಲು ನಿಮ್ಮದು, ಮಕ್ಕಳ ತಜ್ಞರು ಇರುವುದು ಅಪರೂಪ. ಪ್ರಯಾಣ ವಿಮೆ ಮಾಡಿಸುವವರು ಬುದ್ಧಿವಂತರು.

ಫೋನಿನದ್ದು ಯಾರೂ ಎಣಿಸದ ಖರ್ಚು. ದಡದ ಸಿಗ್ನಲ್ ತಪ್ಪಿದ ಮೇಲೆ ಹಡಗಿನ ಉಪಗ್ರಹ ಜಾಲ ನಿಮ್ಮ ಫೋನನ್ನು ಎಳೆದುಕೊಳ್ಳಬಹುದು. ಸಾಮಾನ್ಯ ರೋಮಿಂಗ್ ಪ್ಯಾಕಿಗೆ ಅದು ಸಾಮಾನ್ಯವಾಗಿ ಒಳಪಡುವುದಿಲ್ಲ, ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಡಗು ಹೊರಟಾಗಲೇ ಏರೋಪ್ಲೇನ್ ಮೋಡ್. ಮಕ್ಕಳ ಕಾರ್ಟೂನನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಪಾಸ್‌ಪೋರ್ಟ್ ಬೇಕೇ? ಮುಂಬೈ–ಗೋವಾ, ಲಕ್ಷದ್ವೀಪಗಳಿಗೆ ಬೇಡ, ಗುರುತಿನ ಚೀಟಿ ಸಾಕು, ಮಗುವಿನದ್ದೂ ಬೇಕು. ಶ್ರೀಲಂಕಾಕ್ಕೆ ಹೋಗುವುದಾದರೆ ಬೇಕು. ಸಿಂಗಪುರದಿಂದ ಹತ್ತುವವರು ಹಡಗಿನಿಂದ ಮರಳಿ ಸಿಂಗಪುರದೊಳಗೆ ಬರಲೂ ವೀಸಾ ನಡೆಯುತ್ತದೆಯೇ ಎಂದು ನೋಡಿಕೊಳ್ಳಬೇಕು.

‘ಲಕ್ಷದ್ವೀಪದಲ್ಲಿ ಇಳಿದು ಓಡಾಡಬಹುದು’

ಇಳಿಯಬಹುದು, ಸಮುದ್ರ ಒಪ್ಪಿದರೆ. ಹವಳದ ದಿಬ್ಬಗಳ ನಡುವಿನ ಆ ದ್ವೀಪಗಳ ದಡಕ್ಕೆ ದೊಡ್ಡ ಹಡಗು ಹೋಗಲಾರದು. ಆಚೆಯೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗೆ ಇಳಿಸುತ್ತಾರೆ. ದೋಣಿ ಒಮ್ಮೆ ಮೇಲೇಳುತ್ತದೆ, ಒಮ್ಮೆ ಕೆಳಗಿಳಿಯುತ್ತದೆ, ಸಿಬ್ಬಂದಿ ತೋಳು ಹಿಡಿದು ‘ಈಗ’ ಎಂದಾಗ ಕಾಲಿಡಬೇಕು. ಸ್ಟ್ರೋಲರ್ ಅಲ್ಲಿ ಕೆಲಸಕ್ಕೆ ಬಾರದು, ಮಗು ಸೊಂಟದಲ್ಲಿರಬೇಕು. ಅಲೆ ಜೋರಾದರೆ ದ್ವೀಪವೇ ರದ್ದು, ಕಂಪನಿಗಳು ಕರಾರಿನಲ್ಲಿ ಆ ಹಕ್ಕು ಉಳಿಸಿಕೊಂಡಿರುತ್ತವೆ. ಪ್ರವೇಶಕ್ಕೆ ಪರವಾನಗಿಯೂ ಬೇಕು. ದ್ವೀಪವೇ ಮುಖ್ಯ ಎನ್ನುವವರಿಗೆ ಲಕ್ಷದ್ವೀಪ ಆಡಳಿತದ ‘ಸಮುದ್ರಂ’ ಪ್ರವಾಸ ಇದೆ. ಕೊಚ್ಚಿಯಿಂದ ಹೊರಟು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿ ಬರುವ ಐದು ದಿನದ್ದು. ರಾತ್ರಿ ಹಡಗಿನಲ್ಲಿ, ಹಗಲು ದ್ವೀಪದಲ್ಲಿ.

‘ಕಿಡ್ಸ್ ಕ್ಲಬ್ಬಿನಲ್ಲಿ ಬಿಟ್ಟರಾಯಿತು’

ಬಹಳಷ್ಟು ಕಡೆ ಮೂರು ವರ್ಷ ತುಂಬಿ, ಶೌಚದ ಅಭ್ಯಾಸ ಆಗಿರುವ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ಸಮಯವೂ ಗೊತ್ತುಪಡಿಸಿದ್ದು. ಆರು ತಿಂಗಳೊಳಗಿನ ಕೂಸನ್ನು ಹಡಗಿಗೇ ಹತ್ತಿಸಿಕೊಳ್ಳದ ಕಂಪನಿಗಳು ಹಲವು. ಟಿಕೆಟ್ಟಿಗೆ ಮುಂಚೆ ಕೇಳಿ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ. ಮುಂಬೈಯಿಂದ ಹೊರಡುವ ಹಡಗಿನಲ್ಲಿ ಜೈನ ಊಟವೂ ಸಿಗುತ್ತದೆ. ಆದರೆ ಮನೆಯ ಕೋಡುಬಳೆ, ಚಿತ್ರಾನ್ನದ ಡಬ್ಬಿ ತಪಾಸಣೆ ದಾಟುವ ಭರವಸೆ ಇಲ್ಲ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ಬೆಂಕಿಯ ಭಯಕ್ಕೆ ಅಲ್ಲೇ ಉಳಿದುಬಿಡುತ್ತವೆ. ಕೂಸಿನ ರಾಗಿಸರಿ ಪುಡಿಯನ್ನು ಅಂಗಡಿಯ ಸೀಲು ಒಡೆಯದ ಪೊಟ್ಟಣದಲ್ಲೇ ಒಯ್ಯಿರಿ, ಬಿಸಿನೀರು ಊಟದ ಹಾಲಿನಲ್ಲಿ ಕೇಳಿದರೆ ಕೊಡುತ್ತಾರೆ. ಹಡಗಿನಲ್ಲಿ ಹೊಟ್ಟೆ ಕೆಡಿಸುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಊಟಕ್ಕೆ ಮುಂಚೆ ಸೋಪು, ನೀರು.

ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗಿಡಿ ಎನ್ನುತ್ತಾರೆ. ಸಿಬ್ಬಂದಿ ರಾತ್ರಿಯೇ ಕೊಂಡೊಯ್ಯುತ್ತಾರೆ, ಮತ್ತೆ ಸಿಗುವುದು ಬೆಳಿಗ್ಗೆ ಇಳಿದ ಮೇಲೆ ಟರ್ಮಿನಲ್ಲಿನಲ್ಲಿ. ಮಾರನೆಯ ದಿನದ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಶ್ಶು, ಔಷಧಿ, ಗುರುತಿನ ಚೀಟಿ ಇಷ್ಟನ್ನು ಕೈಚೀಲಕ್ಕೆ ಹಾಕಿದ ಮೇಲೆಯೇ ಜಿಪ್ ಎಳೆಯಿರಿ. ಅಲ್ಲಿ ಬೆಳಗಿನ ಎಂಟರ ಸಾಲಿನಲ್ಲಿ ರಾತ್ರಿಯ ಪೈಜಾಮ, ಬರಿಗಾಲಿನಲ್ಲಿ ನಿಂತ ಒಂದಾದರೂ ಮಗು ಇದ್ದೇ ಇರುತ್ತದೆ.