ಕಪ್ಪು ಕೋಟಿನ ಕನಸು, ಬಾಯಿಬಿಟ್ಟು ಹೇಳಲಾಗದ ಸಂಕಟ

ಮಗಳು ಲಾ ಕಾಲೇಜಿಗೆ ಸೇರಿದರೆ ಸಾಕು, ನಮ್ಮ ಬ್ಯಾರಿ ಮನೆಗಳಲ್ಲಿ ಅವಳು ಆಗಲೇ ‘ವಕೀಲೆ’. ಜಾಗದ ತಕರಾರಿನಿಂದ ತಲಾಖ್‌ವರೆಗೆ ಎಲ್ಲದಕ್ಕೂ ಅವಳನ್ನೇ ಕೇಳುತ್ತೇವೆ. ‘ನಿನಗೆ ಹೇಗುಂಟು?’ ಎಂದು ಕೇಳುವುದು ಮಾತ್ರ ಅಪರೂಪ.

ಪಿಯುಸಿ ಮುಗಿಸಿ ಸೇರಿದವರಿಗೆ ಐದು ವರ್ಷದ ಓದು. ಕನ್ನಡ ಮಾಧ್ಯಮದಲ್ಲಿ ಕಲಿತವರು ಉದ್ದುದ್ದ ಇಂಗ್ಲಿಷ್ ತೀರ್ಪುಗಳನ್ನು ಓದಬೇಕು. ಮೂಟ್ ಕೋರ್ಟ್, ಇಂಟರ್ನ್‌ಶಿಪ್, ಹಾಜರಾತಿಯ ಚಿಂತೆ ಬೇರೆ. ಪದವಿಯ ಬಳಿಕ ಬಾರ್ ಪರೀಕ್ಷೆಯೂ ಉಂಟು. ಮನೆಯಲ್ಲಿ ಮೊದಲು ಯಾರೂ ವಕೀಲರಾಗಿಲ್ಲದಿದ್ದರೆ ದಾರಿ ಹೇಳುವವರೂ ಇಲ್ಲ. ಗಲ್ಫ್‌ನಲ್ಲಿ ದುಡಿದು ಫೀಸು ಕಳುಹಿಸುವ ಬಾಪನಿಗೆ ‘ನನ್ನಿಂದ ಆಗುತ್ತಿಲ್ಲ’ ಎನ್ನಲು ಯಾವ ಮಗುವಿಗೆ ಬಾಯಿ ಬರುತ್ತದೆ?

ಹೇಳಿದರೂ ‘ನಮಾಝ್ ಸರಿ ಮಾಡು, ಸರಿಹೋಗುತ್ತೆ’ ಎಂದು ಮುಗಿಸುತ್ತೇವೆ. ದುಆ ಬೇಕು, ಮದ್ದೂ ಬೇಕು. ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ಯವರೇ ಕಲಿಸಿದ್ದಾರೆ. ಜ್ವರಕ್ಕೊಂದು, ಮನಸ್ಸಿಗೊಂದು ನಿಯಮ ಇಲ್ಲ.

‘ಊರಿಗೆ ಗೊತ್ತಾದರೆ ಮದುವೆಗೆ ತೊಂದರೆ’ ಎಂಬ ಹೆದರಿಕೆ ನಮ್ಮಲ್ಲುಂಟು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 23ರಂತೆ ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ರೋಗಿಯ ಹಕ್ಕು. ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಸೆಕ್ಷನ್ 115 ಭಾವಿಸುತ್ತದೆ. ಹಾಗಲ್ಲ ಎಂದು ಸಾಬೀತಾಗದೆ ಶಿಕ್ಷಿಸುವಂತಿಲ್ಲ. ಆದ್ದರಿಂದ ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತಡಮಾಡಬೇಡಿ.

ಕಾಲೇಜಿಗೂ ಹೊಣೆ ಇದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು, ಸಹಾಯವಾಣಿ ಸಂಖ್ಯೆಗಳನ್ನು ಹಾಸ್ಟೆಲ್, ತರಗತಿಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿದೆ. ಮಕ್ಕಳನ್ನು ಸೇರಿಸುವಾಗ ಫೀಸಿನ ಜೊತೆ ಇದನ್ನೂ ವಿಚಾರಿಸೋಣ.

ನಿದ್ದೆ ಕೆಟ್ಟಿದೆ, ಊಟ ಬಿಟ್ಟಿದ್ದಾರೆ, ಫೋನ್ ಎತ್ತುತ್ತಿಲ್ಲ, ‘ನಾನಿಲ್ಲದಿದ್ದರೆ ನಿಮಗೆ ಒಳ್ಳೆಯದು’ ಎನ್ನುತ್ತಿದ್ದಾರೆ ಎಂದಾದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು ‘ಸಾಯುವ ಯೋಚನೆ ಬರುತ್ತಾ ಮೋಳೇ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಬೈಯಬೇಡಿ, ಬೇರೆಯವರ ಮಕ್ಕಳ ಜೊತೆ ಹೋಲಿಸಬೇಡಿ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಮಾತ್ರೆ, ಕೀಟನಾಶಕದಂಥವನ್ನು ಕೈಗೆ ಸಿಗದಂತೆ ಇಡಿ. ಪ್ರಾಣಾಪಾಯ ಕಂಡರೆ 108ಕ್ಕೆ ಕರೆಮಾಡಿ, ಇಲ್ಲವೇ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮನಸ್‌ನ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ದಾರಿ ಕಾಣದ ಉಮ್ಮ-ಬಾಪನೂ ಕರೆಮಾಡಬಹುದು. ಇವತ್ತೇ ಈ ಸಂಖ್ಯೆಯನ್ನು ಮನೆಯ ಎಲ್ಲರ ಫೋನಿನಲ್ಲಿ ಸೇವ್ ಮಾಡಿಡಿ. ಪರೀಕ್ಷೆಯನ್ನು ಮುಂದಿನ ಸಲವೂ ಬರೆಯಬಹುದು, ನಮಗೆ ಮೊದಲು ಬೇಕಾದದ್ದು ಮಗು.